ಬಿಡಿಸಿ ನೋಡುವುದು

ಫ್ಯಾಂಟಮ್‌ನ ಮುಖವಾಡದ ಹಿಂದೆ ಕಣ್ಣುಗುಡ್ಡೆಗಳಿಲ್ಲ. ಎರಡು ಬಿಳಿ ಸೀಳುಗಳಷ್ಟೇ. ಹುಡುಗನಾಗಿದ್ದಾಗ ಅಟ್ಟದ ಮೇಲೆ ಕೂತು ಇಂದ್ರಜಾಲ ಕಾಮಿಕ್ಸ್ ಏಳೆಂಟು ವರ್ಷ ಓದಿದ್ದೆ. ಆದರೂ ಈ ಸಂಗತಿ ಗೊತ್ತಿರಲಿಲ್ಲ. ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ರಾತ್ರಿ ಹಳೆಯ ರಕ್ಷಾಪುಟವನ್ನು ಎದುರಿಗಿಟ್ಟುಕೊಂಡು ಅವನ ಮುಖ ಬಿಡಿಸಲು ಕೂತಾಗ. ಮುಖವಾಡದ ಅಂಚು ಬಂತು, ಮೂಗು ಬಂತು, ದವಡೆ ಬಂತು. ಕಣ್ಣಿನ ಹತ್ತಿರ ಬಂದಾಗ ರೂಢಿಯಂತೆ ಎರಡು ಚುಕ್ಕೆ ಇಟ್ಟೆ. ತಕ್ಷಣ ಅವನು ಫ್ಯಾಂಟಮ್ ಆಗಿ ಉಳಿಯಲಿಲ್ಲ. ಮುಖವಾಡ ಕಟ್ಟಿಕೊಂಡ ಯಾವುದೋ ಪರಿಚಯದ ಮನುಷ್ಯನಾಗಿಬಿಟ್ಟ. ರಬ್ಬರು ತೆಗೆದು ಚುಕ್ಕೆ ಅಳಿಸಿದೆ. ಮರಳಿ ಬಂದ. ಗ್ರೀಕ್ ಶಿಲ್ಪಗಳ ಗುಡ್ಡೆಯಿಲ್ಲದ ಕಣ್ಣುಗಳನ್ನು ಕಂಡು, ಅವನನ್ನು ಹುಟ್ಟಿಸಿದ ಲೀ ಫಾಕ್ ಹೀಗೆ ಮಾಡಿಸಿದರೆಂದು ಆಮೇಲೆ ಎಲ್ಲೋ ಓದಿದೆ. ಓದುವ ಹೊತ್ತಿಗೆ ಅದು ನನಗೆ ಹೊಸ ಮಾಹಿತಿಯಾಗಿರಲಿಲ್ಲ. ಬೆರಳಿಗೆ ಆಗಲೇ ತಿಳಿದಿತ್ತು.

ಸಾಗರದ ಅಡಿಕೆ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಇಪ್ಪತ್ತು ವರ್ಷಗಳಿಂದ, ಹೆಚ್ಚುಕಡಿಮೆ ಪ್ರತಿ ರಾತ್ರಿ, ಊಟವಾದ ಮೇಲೆ ಒಂದು ಗಂಟೆ ಚಿತ್ರ ಬಿಡಿಸುತ್ತೇನೆ. ಎಲ್ಲ ಬೇರೆಯವರು ಹುಟ್ಟಿಸಿದ ಪಾತ್ರಗಳೇ: ಫ್ಯಾಂಟಮ್, ಮಾಂಡ್ರೇಕ್, ಬ್ಯಾಟ್‌ಮ್ಯಾನ್, ಚಂದಮಾಮದಲ್ಲಿ ಶಂಕರ್ ಬರೆಯುತ್ತಿದ್ದ ವಿಕ್ರಮನೂ ಬೇತಾಳನೂ, ಸಿನಿಮಾದ ಮುಖಗಳು. ಮನೆಗೆ ಬಂದವರು ಪುಸ್ತಕ ತಿರುವಿ ಹಾಕಿ, 'ಚೆನ್ನಾಗಿದೆ, ಆದ್ರೆ ಇದ್ರಿಂದ ಏನು ಬರುತ್ತೆ?' ಅನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ದುಡ್ಡಿನ ಮಾತಾದರೆ ಉತ್ತರ ಸುಲಭ: ಏನೂ ಬರುವುದಿಲ್ಲ. ಆದರೆ ಪ್ರಶ್ನೆಯ ತಳದಲ್ಲಿ ಇನ್ನೊಂದು ಪ್ರಶ್ನೆ ಇದೆ. ಇನ್ನೊಬ್ಬರ ಪಾತ್ರವನ್ನು ಮತ್ತೆ ಮತ್ತೆ ಬಿಡಿಸುವುದರಲ್ಲಿ ನಿನ್ನದು ಅನ್ನುವುದು ಏನಿದೆ? ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಕನ್ನಡದಲ್ಲಿ ನಾವು ಚಿತ್ರ ಬರೆಯುತ್ತೇವೆ, ಬಿಡಿಸುತ್ತೇವೆ ಕೂಡ. ಈ ಎರಡನೆಯ ಪದದ ಬಗ್ಗೆ ಬಹಳ ಸಲ ಯೋಚಿಸಿದ್ದೇನೆ, ಏಕೆಂದರೆ ಹಗಲೆಲ್ಲ ಲೆಕ್ಕ ಬಿಡಿಸುವವನೂ ನಾನೇ. ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ, ಬೀದಿಯಲ್ಲಿ ಕೈ ಕೈ ಮಿಲಾಯಿಸಿದವರ ಜಗಳ ಬಿಡಿಸುತ್ತೇವೆ. ಇವುಗಳಲ್ಲಿ ಯಾವುದರಲ್ಲೂ ಇಲ್ಲದ್ದನ್ನು ಉಂಟುಮಾಡುವ ಕೆಲಸವಿಲ್ಲ. ಇರುವುದೇ ಎಲ್ಲೋ ಸಿಕ್ಕಿಕೊಂಡಿದೆ, ಹೆಣೆದುಕೊಂಡಿದೆ. ತಾಳ್ಮೆಯಿಂದ ಕೈ ಹಾಕಿ ಸಡಿಲಿಸಬೇಕು. ಚಿತ್ರಕ್ಕೂ ಇದೇ ಪದ ಹೇಗೆ ಬಂತೆಂದು ಹೇಳಲು ನಾನು ಭಾಷಾಶಾಸ್ತ್ರಜ್ಞನಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ನಡೆಯುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ.

ಕಾಮಿಕ್ಸ್ ಓದುವ ಕಣ್ಣು ನಿಲ್ಲುವುದಿಲ್ಲ. ಅದು ನಿಲ್ಲಬಾರದು ಎಂದೇ ಆ ಪುಟಗಳು ಕಟ್ಟಲ್ಪಟ್ಟಿರುತ್ತವೆ. ಒಂದು ಚೌಕದ ಏಟು ಮುಂದಿನ ಚೌಕದಲ್ಲಿ ಬೀಳಬೇಕು. ಕಣ್ಣು ಗುರುತು ಹಿಡಿಯುತ್ತದೆ, ಮುಂದೆ ಹೋಗುತ್ತದೆ. ಕೈ ಹಾಗೆ ಹೋಗಲಾರದು. ಬ್ಯಾಟ್‌ಮ್ಯಾನ್‌ನ ಮೇಲುಹೊದಿಕೆ ಹೆಗಲಿನ ಯಾವ ಜಾಗದಿಂದ ಇಳಿಯುತ್ತದೆ, ಗಾಳಿ ಯಾವ ಕಡೆಯದು, ಬಟ್ಟೆ ತೂಕದ್ದೋ ತೆಳುವೋ ಎಂಬುದನ್ನೆಲ್ಲ ಅದು ತೀರ್ಮಾನಿಸಲೇಬೇಕು. ಗೆರೆಗೆ 'ಸುಮಾರಾಗಿ' ಎಂಬುದಿಲ್ಲ. ಫ್ಯಾಂಟಮ್‌ನ ಪುಟಗಳಲ್ಲಿ ಬೇರೆ ಬೇರೆ ಕೈಗಳಿವೆ ಎಂದು ಗೊತ್ತಾದದ್ದೂ ಹೀಗೆಯೇ. 1961ರವರೆಗೆ ಬಿಡಿಸಿದ ವಿಲ್ಸನ್ ಮೆಕಾಯ್ ಅವರದು ಸರಳ ಗೆರೆ, ಹೆಚ್ಚು ನೆರಳಿಲ್ಲ. ಅವರ ನಂತರ ಬಂದ ಸೈ ಬ್ಯಾರಿ ದವಡೆಯ ಕೆಳಗೆ, ಮರದ ಬುಡದಲ್ಲಿ ಧಾರಾಳವಾಗಿ ಕಪ್ಪು ತುಂಬುತ್ತಾರೆ. ಅವರ ಕಾಡಿಗೆ ಆಳವಿದೆ. ಇಬ್ಬರ ಹೆಸರೂ ತಿಳಿಯುವ ಮೊದಲೇ ಇಬ್ಬರನ್ನೂ ಬೇರೆ ಮಾಡಿ ಗುರುತಿಸುತ್ತಿದ್ದೆ. ಇದನ್ನು ಅಭಿಮಾನ ಎಂದಷ್ಟೇ ಕರೆದು ಮುಗಿಸಿದರೆ ಅನ್ಯಾಯವಾಗುತ್ತದೆ. ಇದು ತಿಳಿವಳಿಕೆಯ ಒಂದು ಬಗೆ, ಮತ್ತು ಪ್ರೀತಿಯಿಲ್ಲದೆ ಅದು ದಕ್ಕುವುದಿಲ್ಲ. ಬೇಡದ ಮುಖವನ್ನು ನಲವತ್ತು ಸಲ ಯಾರು ಬಿಡಿಸುತ್ತಾರೆ?

ಇನ್ನೊಬ್ಬರ ಪಾತ್ರ ಎಂಬ ಆಕ್ಷೇಪಣೆಗೆ ನನ್ನ ಉತ್ತರ ಇರುವುದು ನಮ್ಮೂರಿನ ಮಳೆಗಾಲದಲ್ಲಿ. ಯಕ್ಷಗಾನ ಮೇಳಗಳ ತಿರುಗಾಟ ನಿಂತು ಹೊರಗೆ ಮಳೆ ಹುಯ್ಯುತ್ತಿರುವಾಗ ಇಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಹುಟ್ಟಿಸುತ್ತಾರೆ. ಅವರಲ್ಲಿ ಮೇಷ್ಟರಿರುತ್ತಾರೆ, ವಕೀಲರಿರುತ್ತಾರೆ, ತೋಟದ ಕೆಲಸ ಮುಗಿಸಿ ಬಂದವರಿರುತ್ತಾರೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆಂದು ಅಲ್ಲಿ ಕೂತ ಅಜ್ಜಿಯರಿಗೂ ಗೊತ್ತು. ಇವತ್ತಿನ ಈ ವಾಲಿ ಹೇಗೆ ಕೇಳುತ್ತಾನೆ ಎಂದು ತಿಳಿಯಲು ನಡುರಾತ್ರಿಯವರೆಗೆ ಎದ್ದಿರುತ್ತಾರೆ. ವಾಲಿ ನಿನ್ನ ಸ್ವಂತದ ಪಾತ್ರವಲ್ಲ, ನೀನೇನು ಹೊಸದು ಮಾಡಿದೆ ಎಂದು ಅರ್ಥಧಾರಿಯನ್ನು ಯಾರೂ ಕೇಳಿದ್ದು ನಾನು ಕಂಡಿಲ್ಲ. ಕತೆ ಎಲ್ಲರದು, ಮಾತು ಅವನದು. ನನ್ನ ಮೇಜಿನ ಮೇಲೂ ಫ್ಯಾಂಟಮ್ ಎಲ್ಲರವನು, ಗೆರೆ ನನ್ನದು.

ಹೋಲಿಕೆ ಅತಿಯಾಯಿತು ಎನ್ನುವವರಿರುತ್ತಾರೆ. ವಾಲಿ ಸಾವಿರಾರು ವರ್ಷ ಬಾಳಿದವನು, ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, ಅದೂ ಅಗ್ಗದ ಕಾಗದದ ಮೇಲೆ. ನಿಜ. ಇಬ್ಬರ ಆಳ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ವಾಲಿಯ ಆಳ ವಾಲ್ಮೀಕಿಯೊಬ್ಬರಿಂದ ಬಂದದ್ದಲ್ಲ. ತಲೆಮಾರುಗಳ ಬಾಯಿಗಳು ಅದನ್ನು ತೋಡಿವೆ. ಜನಪ್ರಿಯ ಪಾತ್ರಗಳ ವಿಷಯದಲ್ಲಿ ಆ ತೋಡುವಿಕೆ ಈಗಷ್ಟೇ ಶುರುವಾಗಿದೆ. ಫ್ಯಾಂಟಮ್‌ನ ಉಡುಪಿನ ಬಣ್ಣವನ್ನೇ ನೋಡಿ. 1936ರಲ್ಲಿ ಕಪ್ಪು ಬಿಳುಪಿನಲ್ಲಿ ಬಂದಾಗ ಲೀ ಫಾಕ್ ಮನಸ್ಸಿನಲ್ಲಿದ್ದದ್ದು ಬೂದು. ಬಣ್ಣದ ಭಾನುವಾರದ ಪುಟ ಶುರುವಾದಾಗ ನೇರಳೆಯಾಯಿತು. ಸ್ವೀಡನ್ನಿನ ಮಕ್ಕಳಿಗೆ ಅವನು ನೀಲಿ, ಇಟಲಿಯವರಿಗೆ ಕೆಂಪು. 1964ರಿಂದ 1990ರವರೆಗೆ ನಡೆದ ಇಂದ್ರಜಾಲದಲ್ಲಿ ಅವನ ನಾಡಿನ ಹೆಸರೇ ಬದಲಾಗಿ ಡೆಂಕಾಲಿಯಾಯಿತು. ನಮ್ಮ ಪೀಳಿಗೆಯವರಿಗೆ ಡೆಂಕಾಲಿ ಅಮೆರಿಕದವರು ಕಲ್ಪಿಸಿದ ಆಫ್ರಿಕಾ ಆಗಿರಲಿಲ್ಲ. ಶರಾವತಿಯ ಕಣಿವೆಯ ಆಚೆ ಎಲ್ಲೋ ಇತ್ತು. ಆ ಕಾಡನ್ನು ಬಿಡಿಸುವಾಗ ನನ್ನ ಕೈ ಇವತ್ತಿಗೂ ಹೆಬ್ಬಲಸನ್ನೂ ಬೆತ್ತದ ಪೊದೆಯನ್ನೂ ತರುತ್ತದೆ.

ಆ ಕತೆಗಳಲ್ಲಿ ಬಿಳಿಯನೊಬ್ಬ ಕಾಡಿನ ಜನರನ್ನು ಕಾಯುತ್ತಾನೆ ಎಂಬ ಹಳೆಯ ವಸಾಹತುಶಾಹಿ ಯೋಚನೆ ಇದೆ. ಹುಡುಗನಾಗಿ ಓದುವಾಗ ಅದು ಕಾಣಲಿಲ್ಲ. ಕಂಡದ್ದು ಬಿಡಿಸುವಾಗ: ಬಂಡರ್ ಜನರು ಪ್ರತಿ ಚೌಕದಲ್ಲೂ ಅವನ ಸೊಂಟದ ಕೆಳಗೇ ನಿಂತಿರುತ್ತಾರೆ, ಅವನ ಮುಖಕ್ಕೆ ಸಿಗುವ ಗೆರೆಗಳ ಎಚ್ಚರಿಕೆ ಅವರ ಮುಖಗಳಿಗೆ ಸಿಗುವುದಿಲ್ಲ. ಅದಾದ ಮೇಲೆ ಅವರ ಮುಖಂಡ ಗುರಾನ್‌ನ ಮುಖವೊಂದನ್ನೇ ಒಂದು ಪುಟದ ತುಂಬ ಬಿಡಿಸಿದೆ. ಉತ್ಸಾಹ ವಿಮರ್ಶೆಯನ್ನು ಕುರುಡಾಗಿಸುತ್ತದೆ ಎನ್ನುತ್ತಾರೆ. ನನ್ನ ಅನುಭವ ಬೇರೆ. ಎಷ್ಟು ಬಿಡಿಸಿದರೂ ಒಳಗೆ ಏನೂ ಸಿಗದ ಪಾತ್ರಗಳಿವೆ. ನಾಲ್ಕು ರಾತ್ರಿಗಳಲ್ಲಿ ಕೈಗೆ ಬೇಸರ ಬರುತ್ತದೆ, ಆ ಬೇಸರ ಸುಳ್ಳು ಹೇಳುವುದಿಲ್ಲ.

ಹವ್ಯಾಸಿ ಎಂಬ ಮಾತಿನಲ್ಲಿ ಒಂದು ಕನಿಕರ ಸೇರಿಕೊಂಡಿದೆ, ವೃತ್ತಿಯವರೆಗೆ ತಲುಪದವನು ಎಂಬಂತೆ. ರಂಗಭೂಮಿಯಲ್ಲಿ ಹಾಗಿಲ್ಲ; ಹೊಸ ಕನ್ನಡ ನಾಟಕ ಕಣ್ಣು ಬಿಟ್ಟದ್ದೇ ಹವ್ಯಾಸಿ ತಂಡಗಳಲ್ಲಿ. ಕಾಮಿಕ್ಸ್‌ನ ಮೂಲಕ್ಕೆ ಹೋದರೂ ಅಲ್ಲಿ ಕೂತಿರುವವನು ಒಬ್ಬ ಹವ್ಯಾಸಿಯೇ. ಜಿನೀವಾದ ರೊಡಾಲ್ಫ್ ಟೋಪ್ಫೆರ್ ಚಿತ್ರಕಾರನ ಮಗ. ಕಣ್ಣಿನ ತೊಂದರೆಯಿಂದ ತಾನು ಚಿತ್ರಕಾರನಾಗಲಾರದೆ ಶಾಲೆ ನಡೆಸಿದ. 1820ರ ದಶಕದ ಕೊನೆಯಲ್ಲಿ ತನ್ನ ಹುಡುಗರ ಖುಷಿಗಾಗಿ ಸಾಲು ಚೌಕಗಳಲ್ಲಿ ಚಿತ್ರಕತೆಗಳನ್ನು ಗೀಚಿದ. ಅಚ್ಚು ಹಾಕಿಸುವ ಯೋಚನೆ ಅವನಿಗಿರಲಿಲ್ಲ. ಅವು ಕೈಯಿಂದ ಕೈಗೆ ಹೋಗಿ ಮುದುಕರಾಗಿದ್ದ ಜರ್ಮನ್ ಕವಿ ಗಯಟೆಯವರನ್ನು ಮುಟ್ಟಿದವು. ಅವರು ಮೆಚ್ಚಿದ ಮೇಲೆ ಟೋಪ್ಫೆರ್‌ಗೆ ಧೈರ್ಯ ಬಂತು, 1830ರ ದಶಕದಲ್ಲಿ ಪುಸ್ತಕಗಳಾದವು. 1845ರಲ್ಲಿ ಅವನು ಬರೆದ ಪ್ರಬಂಧವೊಂದರ ವಿಚಾರ ನನ್ನೊಳಗೆ ಉಳಿದಿದೆ: ಒಂದು ಮುಖವನ್ನು ಎಷ್ಟೇ ಒರಟಾಗಿ ಗೀಚಿದರೂ ಅದಕ್ಕೊಂದು ಭಾವ ಬಂದೇ ಬರುತ್ತದೆ. ಗೀಚಿದವನಿಗೆ ಬೇಕಿತ್ತೋ ಇಲ್ಲವೋ, ಕಾಗದದ ಮೇಲೆ ಯಾರೋ ಒಬ್ಬರು ಬಂದು ಕೂತಿರುತ್ತಾರೆ. ಪ್ರತಿ ರಾತ್ರಿ ನನ್ನನ್ನು ಮೇಜಿಗೆ ಎಳೆಯುವುದು ಅದೇ ಬೆರಗು. ಆ ಬೆರಗಿಗೆ ನಿಪುಣತೆಯ ಹಂಗಿಲ್ಲ.

2025ರ ಮಾರ್ಚ್‌ನಲ್ಲಿ ಎಲ್ಲರ ಮೊಬೈಲಿನಲ್ಲೂ ಜಪಾನಿನ ಗಿಬ್ಲಿ ಸ್ಟುಡಿಯೋದ ಶೈಲಿಯ ಚಿತ್ರಗಳು ತುಂಬಿಕೊಂಡವು. ಮದುವೆಯ ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆ ನಿಮಿಷದಲ್ಲಿ ಚಿತ್ರ ಮಾಡಿಕೊಡುತ್ತಿತ್ತು. ಇನ್ನು ಕೈಯಲ್ಲಿ ಬಿಡಿಸುವುದು ಯಾಕೆ ಎಂದು ಮಂಡಿಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗ ನಿಜವಾದ ಕಾಳಜಿಯಿಂದ ಕೇಳಿದ. ಚಿತ್ರ ಬೇಕಾಗಿದ್ದವರಿಗೆ ಚಿತ್ರ ಸಿಕ್ಕಿತು, ಅದಕ್ಕೆ ನನ್ನ ತಕರಾರಿಲ್ಲ. ಗಿಬ್ಲಿಯ ಕಲಾವಿದರ ದುಡಿಮೆಯನ್ನು ಕೇಳದೆ ಬಳಸಿಕೊಂಡದ್ದರ ಬಗ್ಗೆ ಇದೆ. ಆದರೆ ಅವನ ಪ್ರಶ್ನೆಗೆ ಉತ್ತರ ಬೇರೆ. ಅವನು ಯಂತ್ರಕ್ಕೆ ಕೊಟ್ಟಿದ್ದ ಮದುವೆಯ ಫೋಟೋದಲ್ಲಿ ಅವನ ಅಜ್ಜಿ ಎಡಗೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದರು. ಯಂತ್ರದ ಚಿತ್ರದಲ್ಲಿ ಎರಡೂ ಕೈ ಹೊರಗಿದ್ದವು. ಅವನು ಗಮನಿಸಿರಲಿಲ್ಲ. ತಾನೇ ಬಿಡಿಸಿದ್ದರೆ, ಕೆಟ್ಟದಾಗಿಯೇ ಬಿಡಿಸಿದ್ದರೂ, ಆ ಸೆರಗಿನ ಹತ್ತಿರ ಅವನು ನಿಲ್ಲಬೇಕಾಗುತ್ತಿತ್ತು.

ನನಗೆ ಪೂರ್ತಿ ಉತ್ತರ ಸಿಗದ ಆಕ್ಷೇಪಣೆ ಒಡೆತನದ್ದು. ವಾಲಿಗೆ ಯಜಮಾನರಿಲ್ಲ. ನಾನು ಬಿಡಿಸುವ ಬಹುತೇಕ ಪಾತ್ರಗಳಿಗೆ ದೊಡ್ಡ ಕಂಪನಿಗಳು ಯಜಮಾನರು. ನನ್ನ ಉತ್ಸಾಹ ಅವರಿಗೆ ಪುಕ್ಕಟೆ ಜಾಹೀರಾತು ಎಂದರೆ ಅಲ್ಲವೆನ್ನಲಾರೆ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ 1938ರಲ್ಲಿ 130 ಡಾಲರಿಗೆ ಅವನನ್ನು ಕಳೆದುಕೊಂಡರು. ವರ್ಷಕ್ಕಿಷ್ಟೆಂದು ಹಣ ಸಿಕ್ಕಿದ್ದು, ಅಳಿಸಿಹೋಗಿದ್ದ ಅವರ ಹೆಸರು ಮರಳಿ ಬಂದದ್ದು 1975ರಲ್ಲಿ. ಅವರೂ ಮೊದಲು ಶಾಲೆಯ ಹುಡುಗರಾಗಿ, ತಾವೇ ಅಚ್ಚು ಹಾಕಿದ ಪತ್ರಿಕೆಗೆ ಗೀಚುತ್ತಿದ್ದ ಹವ್ಯಾಸಿಗಳೇ. ಜಪಾನಿನಲ್ಲಿ 1975ರ ಡಿಸೆಂಬರಿನಲ್ಲಿ ಇಂಥ ಹವ್ಯಾಸಿಗಳ 32 ಗುಂಪುಗಳು ಕೂಡಿ ತಮ್ಮ ಸ್ವಂತ ಪ್ರಕಟಣೆಗಳ ಸಂತೆ ಶುರುಮಾಡಿದವು. ಇವತ್ತು ಟೋಕಿಯೋದಲ್ಲಿ ಅದಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಹೆಸರಾಂತ ಪಾತ್ರಗಳನ್ನು ತಮ್ಮಂತೆ ಬಿಡಿಸಿ ಮಾರುತ್ತಾರೆ, ಯಜಮಾನರು ಹೆಚ್ಚಾಗಿ ಸುಮ್ಮನಿರುತ್ತಾರೆ. ಇಂಥ ಪ್ರಕಟಣೆಗೆ ಅಲ್ಲಿ ದೋಜಿನ್‌ಶಿ ಎನ್ನುತ್ತಾರೆ. ದೋಜಿನ್ ಎಂದರೆ ಒಂದೇ ಮನಸ್ಸಿನವರು. ನಮ್ಮ ಸಹೃದಯ ಎಂಬ ಮಾತಿಗೆ ಅದು ಎಷ್ಟು ಹತ್ತಿರ! ನಾನು ಮಾರುವುದಿಲ್ಲ, ಅದು ನಾನೇ ಹಾಕಿಕೊಂಡ ಗೆರೆ. ಪಾತ್ರವನ್ನು ಬಿಡಿಸಿದ ಪುಟದ ಮೂಲೆಯಲ್ಲಿ ಅದನ್ನು ಮೊದಲು ಬಿಡಿಸಿದವರ ಹೆಸರು ಬರೆಯುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆ ರಾತ್ರಿ ನಾನು ಅವರ ಮುಖ ಬಿಡಿಸಿದೆ. ಆ ವಾರ ನಮ್ಮ ನಾಡಿನಲ್ಲಿ ಎಷ್ಟು ಜನ ಅದೇ ಕೆಲಸ ಮಾಡಿದರೋ! ಗೋಡೆಗಳ ಮೇಲೆ, ಆಟೋಗಳ ಹಿಂದೆ, ಶಾಲೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. 1990ರಲ್ಲಿ ಹೋದ ನಟ ಶಂಕರ್‌ನಾಗ್ ಅವರನ್ನು ಆಟೋ ಚಾಲಕರು ಹೀಗೆಯೇ ಇಟ್ಟುಕೊಂಡಿದ್ದಾರೆ. ಭರತನ ರಸಸೂತ್ರವನ್ನು ವಿವರಿಸುತ್ತ ಶಂಕುಕ ಚಿತ್ರದ ಕುದುರೆಯ ಮಾತು ತೆಗೆಯುತ್ತಾನೆ: ಅದನ್ನು ಕಂಡು 'ಕುದುರೆ' ಎನ್ನುವಾಗ ನಮ್ಮೊಳಗಿನ ಅರಿವು ನಿಜವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಬರೀ ಹೋಲಿಕೆಯೂ ಅಲ್ಲ. ಓದಿದಾಗ ಅದು ತರ್ಕದ ಚಮತ್ಕಾರವೆಂದೇ ಅಂದುಕೊಂಡಿದ್ದೆ. ಆ ರಾತ್ರಿ ನಗುವಿನ ಎಡ ಮೂಲೆ ಸರಿಯಾಗಿ ಬರದೆ ಐದು ಸಲ ಅಳಿಸಿದೆ, ಆರನೆಯ ಸಲ ಬಂತು, ಪೆನ್ಸಿಲ್ ಕೆಳಗಿಟ್ಟೆ. ಎದುರಿಗಿದ್ದದ್ದು ಅವರಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಹಾಳೆ ಮಗುಚಿ ದೀಪ ಆರಿಸಲು ಕೈ ಬರಲಿಲ್ಲ.

ಪಕ್ಕದ ಮನೆಯ ಹುಡುಗಿಗೆ ಈಗ ಹನ್ನೆರಡು. ಭಾನುವಾರಗಳಲ್ಲಿ ಪುಸ್ತಕ ಹಿಡಿದು ಬರುತ್ತಾಳೆ. ಪುಟ ಪುಟಕ್ಕೂ ಮಸಾಶಿ ಕಿಶಿಮೊಟೊ ಅವರ ನರುಟೊ ಕತೆಯ ಕಕಾಶಿ: ಬಾಯಿ ಮೂಗು ಮುಚ್ಚಿದ ಮುಸುಕು, ಒಂದು ಕಣ್ಣಿನ ಮೇಲೆ ಇಳಿದ ಪಟ್ಟಿ, ಎರಡೂ ಕೈ ಜೇಬಿನಲ್ಲಿ. ಕೂದಲಿನ ಗೆರೆ ಈ ವಾರ ಧೈರ್ಯವಾಗಿ ಬಂದಿದೆ ಎಂದೆ.

'ಯಾವಾಗಲೂ ಜೇಬಲ್ಲೇ ಯಾಕೆ ಕೈ?' ಎಂದು ಕೇಳಿದೆ.

'ಕೈ ಬರಲ್ಲ ಮಾಮ.'

ನನಗೂ ಸರಿಯಾಗಿ ಬರುವುದಿಲ್ಲ. ಹೆಬ್ಬೆರಳು ಅಂಗೈಯಿಂದ ಹೊರಡುವ ಜಾಗ ಇಪ್ಪತ್ತು ವರ್ಷಗಳಾದರೂ ಪೂರ್ತಿ ಬಿಡಿಸಿಕೊಂಡಿಲ್ಲ. ಇಬ್ಬರೂ ನಮ್ಮ ನಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟುಕೊಂಡು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಪೆನ್ಸಿಲ್ ನಿಲ್ಲಿಸಿ ತನ್ನ ಬೆರಳುಗಳನ್ನೇ ನೋಡಿದಳು.

'ಮಾಮ, ಕಿರುಬೆರಳು ಎಷ್ಟು ಕೆಳಗಿನಿಂದ ಹೊರಟಿದೆ ನೋಡು!'