ಹಾರದ ನಾಲ್ಕು ಗಂಟೆ

ಸಾಲ ಮಾಡಿ ಪೈಲಟ್ ತರಬೇತಿಗೆ ಸೇರಿದ ಯುವಕನೊಬ್ಬನ ಪ್ರಕರಣವಿದು. ಮಳೆಗಾಲದಲ್ಲಿ ವಾರಗಟ್ಟಲೆ ಹಾರಾಟವಿಲ್ಲ; ಸಾಲದ ಬಡ್ಡಿ ಮಾತ್ರ ಏರುತ್ತಲೇ ಇತ್ತು. ಅವನು ಕೋಣೆಯ ಕಂಪ್ಯೂಟರಿಗೆ ಯೋಕ್, ರಡ್ಡರ್ ಪೆಡಲ್ ಜೋಡಿಸಿಕೊಂಡು ರಾತ್ರಿಗಳನ್ನು ಸಿಮ್ಯುಲೇಟರಿನಲ್ಲಿ ಕಳೆದ. ಅದು ವ್ಯರ್ಥವಾಗಲಿಲ್ಲ. ಚೆಕ್‌ಲಿಸ್ಟ್ ಬಾಯಿಪಾಠವಾಯಿತು, ರೇಡಿಯೊದಲ್ಲಿ ತಡವರಿಸುವುದು ನಿಂತಿತು, ಮೀಟರುಗಳನ್ನಷ್ಟೇ ನೋಡಿ ರನ್‌ವೇಯ ನೇರಕ್ಕೆ ಇಳಿದುಬರುವ ಕ್ರಮಕ್ಕೆ ಕೈ ಪಳಗಿತು.

ನಮ್ಮಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಮೀಟರುಗಳನ್ನೇ ನಂಬಿ ಹಾರುವ ಅಭ್ಯಾಸ 10 ಗಂಟೆ ಆಗಿರಬೇಕು. ಅದರಲ್ಲಿ 5 ಗಂಟೆಯವರೆಗೆ ಮಾನ್ಯತೆ ಪಡೆದ ಸಿಮ್ಯುಲೇಟರಿನಲ್ಲಿ ಮಾಡಬಹುದು. ಮನೆಯ ಕಂಪ್ಯೂಟರಿನ ಒಂದು ನಿಮಿಷವೂ ಲೆಕ್ಕಕ್ಕೆ ಬರುವುದಿಲ್ಲ. ಇವನಿಗೆ ಆಕಾಶದಲ್ಲೇ ಮುಗಿಸಬೇಕಾದ 4 ಗಂಟೆ ಬಾಕಿ ಇತ್ತು. "ಸರ್, ಮನೆಯಲ್ಲಿ ಇದರ ಹತ್ತರಷ್ಟು ಮಾಡಿದ್ದೇನೆ" ಎಂದು ಬೇಡಿಕೊಂಡ. ಹುಡುಗನ ಕೈಚಳಕವನ್ನೂ ಅವನ ತಂದೆಯ ಕಷ್ಟವನ್ನೂ ಬಲ್ಲ ಇನ್‌ಸ್ಟ್ರಕ್ಟರ್, ಹಾರದ 4 ಗಂಟೆಗೆ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಿದರು. ದುಡ್ಡು ಮುಟ್ಟಲಿಲ್ಲ. ಕರುಣೆಯಿಂದಲೇ ಹಾಕಿದರು.

ಪರೀಕ್ಷೆಯ ದಿನ ಹೊರಗಿನ ನೋಟ ಮರೆಸುವ ಹುಡ್ ತಲೆಗೇರಿತು. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಒಳಗಿವಿಯ ದ್ರವ ಸ್ವಲ್ಪ ಹೊತ್ತಿಗೆ ನೆಲೆ ನಿಲ್ಲುತ್ತದೆ, ತಿರುಗುತ್ತಿದ್ದೇವೆಂಬ ಅರಿವೇ ಹೋಗುತ್ತದೆ. ರೆಕ್ಕೆ ಸಮ ಮಾಡಿದಾಗ ವಿರುದ್ಧ ದಿಕ್ಕಿಗೆ ವಾಲಿದಂತೆ ಭಾಸವಾಗುತ್ತದೆ. ಕೋಣೆಯ ಕುರ್ಚಿ ಇವನಿಗೆ ಈ ಸುಳ್ಳನ್ನು ಒಮ್ಮೆಯೂ ಹೇಳಿರಲಿಲ್ಲ. ಕೃತಕ ದಿಗಂತದ ಮೀಟರು ರೆಕ್ಕೆ ಸಮವಾಗಿದೆ ಎನ್ನುತ್ತಿದ್ದರೂ ಅವನು ಮೈಯನ್ನು ನಂಬಿದ. ವಿಮಾನವನ್ನು ಮತ್ತೆ ವಾಲಿಸಿದ. ಮೂಗು ಕೆಳಗಾಯಿತು, ವೇಗ ಏರಿತು. ಪರೀಕ್ಷಕರು ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಂಡರು. ಕೆಳಗಿಳಿದ ಮೇಲೆ ಲಾಗ್‌ಬುಕ್ ತೆರೆದು ಕೇಳಿದಾಗ ಹುಡುಗ ನಿಜ ಹೇಳಿದ. ಅಷ್ಟು ಮಾತ್ರ ಅವನ ಪರವಾಗಿ ಹೇಳಬಹುದು.

ಬೇಡಿದವನಿಗಿಂತ ಸಹಿ ಹಾಕಿದವರ ತಪ್ಪು ದೊಡ್ಡದು. ಮೈ ಹೇಳುವ ಸುಳ್ಳನ್ನು ಅವರು ಬಲ್ಲರು. ಆ ಗಂಟೆಗಳು ಇರುವುದೇ ಅದನ್ನು ಕಲಿಸಲು ಎಂಬುದನ್ನೂ ಬಲ್ಲರು. ಆದರೂ ಅವರನ್ನು ದೂರ ನಿಲ್ಲಿಸಿ ನೋಡಲು ನಮಗೆ ಹಕ್ಕಿದೆಯೇ? ಮಾಡದ ಪ್ರಯೋಗದ ಲ್ಯಾಬ್ ರೆಕಾರ್ಡಿಗೆ ನಮ್ಮ ಕಾಲೇಜುಗಳಲ್ಲಿ ಸಹಿ ಬೀಳುತ್ತದೆ. ಗೇರು ಹಾಕಲು ಬಾರದವನಿಗೆ ಲೈಸೆನ್ಸ್ ಸಿಗುತ್ತದೆ. ಪ್ರತಿ ಸಲವೂ "ಪಾಪ, ಹುಡುಗನ ಭವಿಷ್ಯ" ಎನ್ನುತ್ತೇವೆ. ಮುಂದೊಂದು ದಿನ ಆ ಹುಡುಗನ ಹಿಂದೆ ಕೂರುವ ಪ್ರಯಾಣಿಕರ ಮುಖ ನಮಗೆ ಕಾಣುವುದಿಲ್ಲ. ಕಾಣದವರ ಮೇಲೆ ಕರುಣೆ ಹುಟ್ಟುವುದು ಕಷ್ಟ. ನಿಯಮಗಳನ್ನು ಬರೆದಿರುವುದು ಅಂಥವರಿಗಾಗಿಯೇ.

ಯುವಕ ಆ 4 ಗಂಟೆಗಳನ್ನು ಬೇರೊಬ್ಬರ ಕೈಕೆಳಗೆ ಆಕಾಶದಲ್ಲೇ ಪೂರೈಸಿ ತಡವಾಗಿ ಪರವಾನಗಿ ಪಡೆದ. ಸಹಿ ಹಾಕಿದವರು ಕಲಿಸುವ ಅಧಿಕಾರ ಕಳೆದುಕೊಂಡರು. ಒಳ್ಳೆಯ ಶಿಕ್ಷಕರು ಎಂದು ಹೆಸರಾದವರು ಅವರು. ಶಿಕ್ಷೆ ಕಠಿಣವಾಯಿತು ಎಂದು ಅನೇಕರು ಮರುಗಿದರು. ನನಗೂ ಮರುಕವಿದೆ. ಶಿಕ್ಷೆ ಸರಿಯಾಗಿಯೇ ಇದೆ.