ಮನೆಬಾಗಿಲಿನ ಪಾಠ: ದಾನವೋ, ಋಣವೋ?

ಶ್ರಾವಕನಿಗೆ ಹೇಳಿರುವ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಅರ್ಥವನ್ನು ಸಮಾಜವು ಬಹಳ ಕಿರಿದು ಮಾಡಿಕೊಂಡಿದೆ. ಗ್ರಂಥವೊಂದನ್ನು ಅಚ್ಚು ಹಾಕಿಸಿ ಹಂಚುವುದು, ಪಾಠಶಾಲೆಯ ಕೊಠಡಿಯ ಮೇಲೆ ಹಿರಿಯರ ಹೆಸರು ಬರೆಸುವುದು, ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವುದು, ಇಷ್ಟಾದರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಇವೆಲ್ಲವೂ ನಡೆದು ಬರಬಲ್ಲವರಿಗೆ, ಓದಬಲ್ಲವರಿಗೆ ಸಲ್ಲುವಂಥವು. ನಡೆಯಲಾರದ, ನೆಟ್ಟಗೆ ಕುಳಿತುಕೊಳ್ಳಲೂ ಆಗದ, ಮಾತು ಮೂಡದ ಮಗುವಿಗೆ ಸಲ್ಲಬೇಕಾದದ್ದು ಯಾವುದು? ಅದು ಕೊಡುವವನ ಇಚ್ಛೆಗೆ ಬಿಟ್ಟ ದಾನವೋ, ಕೊಡಲೇಬೇಕಾದ ಋಣವೋ?

ಈ ಪ್ರಶ್ನೆಗೆ ರಾಜ್ಯವು ತನ್ನ ಮಟ್ಟಿಗೆ ಉತ್ತರ ಕೊಟ್ಟಾಗಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಿದ್ದುಪಡಿ ತಂದು, ತೀವ್ರವಾದ ಅಥವಾ ಬಹುವಿಧವಾದ ಅಂಗವೈಕಲ್ಯವುಳ್ಳ ಮಗು ಮನೆಯಲ್ಲಿಯೇ ಶಿಕ್ಷಣ ಪಡೆಯಲು ಆಯ್ಕೆ ಮಾಡಿಕೊಳ್ಳಬಹುದೆಂದು ವಿಧಿಸಲಾಯಿತು. ಕರ್ನಾಟಕದಲ್ಲಿ ಈ ಕಾರ್ಯ ಮೊದಲು ಸರ್ವ ಶಿಕ್ಷಾ ಅಭಿಯಾನದಡಿ, 2018ರಿಂದ ಸಮಗ್ರ ಶಿಕ್ಷಾ ಯೋಜನೆಯಡಿ ‘ಗೃಹಾಧಾರಿತ ಶಿಕ್ಷಣ’ವೆಂಬ ಹೆಸರಿನಲ್ಲಿ ನಡೆದುಬಂದಿದೆ. ಮಗುವಿನ ಹೆಸರು ಸಮೀಪದ ಶಾಲೆಯ ದಾಖಲೆಯಲ್ಲಿರುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ವಿಶೇಷ ತರಬೇತಿ ಹೊಂದಿದ ಸಂಪನ್ಮೂಲ ಶಿಕ್ಷಕರು ಮನೆಗೆ ಬರುತ್ತಾರೆ. ಅವರು ಕಲಿಸುವುದು ಮಗ್ಗಿಯನ್ನೇ ಆಗಬೇಕಿಲ್ಲ. ಚಮಚ ಹಿಡಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬಾಯಾರಿದರೆ ಲೋಟದ ಚಿತ್ರವನ್ನು ಮುಟ್ಟಿ ತೋರಿಸುವುದು, ಇಂಥವೇ ಅಲ್ಲಿನ ಪಾಠಗಳು. ಅರ್ಧ ಪಾಠ ಮಗುವಿಗಾದರೆ ಅರ್ಧ ತಾಯಿಗೆ. ಏಕೆಂದರೆ ಶಿಕ್ಷಕರು ಹೊರಟ ಮೇಲೆ ಅಭ್ಯಾಸ ಮುಂದುವರಿಸಬೇಕಾದವಳು ಆಕೆಯೇ.

ಇಲ್ಲಿ ಬಹುತೇಕ ಮನೆಗಳಲ್ಲಿ ಒಂದು ಮಾತು ಅಡ್ಡ ಬರುತ್ತದೆ: “ಅದರ ಕರ್ಮ, ಯಾರೇನು ಮಾಡಲಾದೀತು?” ಜ್ಞಾನಾವರಣೀಯ ಕರ್ಮದ ಹೆಸರು ಕೇಳಿ ಬಲ್ಲವರೇ ಈ ಮಾತನ್ನು ಆಡುತ್ತಾರೆಂಬುದು ಖೇದಕರ. ಶಾಸ್ತ್ರವು ಹೇಳುವುದು ಬೇರೆಯೇ. ಜ್ಞಾನವು ಜೀವದ ಸ್ವಭಾವ. ಕರ್ಮ ಅದನ್ನು ಮುಸುಕಬಲ್ಲದು, ಇಲ್ಲವಾಗಿಸಲಾರದು. ಚಾವುಂಡರಾಯನ ಸಮಕಾಲೀನರಾದ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಅತ್ಯಂತ ಕೆಳಗಿನ ಸೂಕ್ಷ್ಮ ನಿಗೋದ ಜೀವದ ವಿಷಯವನ್ನು ಎತ್ತಿಕೊಳ್ಳುತ್ತಾರೆ. ಅಂಥ ಜೀವಕ್ಕೂ ಹುಟ್ಟಿದ ಮೊದಲ ಸಮಯದಲ್ಲಿಯೇ ಅತ್ಯಲ್ಪವಾದ ಜ್ಞಾನಾಂಶವೊಂದಿದ್ದು, ಅದಕ್ಕೆ ಎಂದೂ ಆವರಣವಿಲ್ಲವೆಂದು ಅವರ ನಿರೂಪಣೆ. ಆ ಅಂಶವೂ ಮುಚ್ಚಿಹೋದರೆ ಜೀವ ಜೀವವಾಗಿಯೇ ಉಳಿಯದು. ಬರಿಗಣ್ಣಿಗೆ ಕಾಣದ ನಿಗೋದ ಜೀವಕ್ಕೇ ಇಷ್ಟು ಇರುವಾಗ, ತಾಯಿಯ ಹೆಜ್ಜೆಯ ಸಪ್ಪಳಕ್ಕೆ ಮುಖ ತಿರುಗಿಸುವ ಮಗುವಿನಲ್ಲಿ ಕಲಿಯುವ ಶಕ್ತಿಯೇ ಇಲ್ಲವೆನ್ನಲು ಯಾರಿಗೆ ಅಧಿಕಾರ? ಆವರಣ ತೆಳುವಾಗುವ ಕ್ಷಯೋಪಶಮಕ್ಕೆ ನಿಮಿತ್ತ ಬೇಕು. ಮನೆಗೆ ಬರುವ ಶಿಕ್ಷಕಿ ಅಂಥ ನಿಮಿತ್ತ. ನಿಮಿತ್ತವನ್ನೇ ಒದಗಿಸದೆ ಫಲವಿಲ್ಲವೆನ್ನುವುದು, ಅಂಗಡಿಯ ಬಾಗಿಲನ್ನೇ ತೆರೆಯದೆ ವ್ಯಾಪಾರವಿಲ್ಲವೆಂದು ಗೊಣಗಿದಂತೆ.

ಇನ್ನೂ ಗಂಭೀರವಾದದ್ದೊಂದಿದೆ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ, ಇತರರ ಜ್ಞಾನಕ್ಕೆ ಅಂತರಾಯ ಮಾಡುವುದನ್ನೂ ಸೇರಿಸಿದೆ. ಬಂಧುಗಳು ಬಂದಾಗ ಒಳಕೋಣೆಯ ಕದ ಮುಚ್ಚುವವರು, ಸಂಬಂಧ ಕೂಡುವುದಿಲ್ಲವೆಂಬ ಅಂಜಿಕೆಯಿಂದ ಇಂಥ ಮಗುವಿದೆಯೆಂಬ ಸಂಗತಿಯನ್ನು ಗಣತಿಗೆ ಬಂದ ಶಿಕ್ಷಕರಿಗೂ ತಿಳಿಸದವರು, ಮಗುವಿನ ಕರ್ಮದ ಲೆಕ್ಕ ನೋಡುವ ಮೊದಲು ತಮ್ಮ ಖಾತೆಯ ಪುಟವನ್ನೊಮ್ಮೆ ತಿರುವಿ ನೋಡುವುದೊಳ್ಳೆಯದು.

ಈಗ ದಾನ-ಋಣಗಳ ಪ್ರಶ್ನೆ. ಹಾಸನದಿಂದ ಪೂರ್ವಕ್ಕೆ ಬೆಂಗಳೂರಿನ ಹೆದ್ದಾರಿಯಲ್ಲಿರುವ ಶಾಂತಿಗ್ರಾಮದ ಹೆಸರಿನೊಡನೆ ಹೊಯ್ಸಳ ರಾಣಿ ಶಾಂತಲೆಯ ನೆನಪು ಬೆಸೆದುಕೊಂಡಿದೆ. ಆಕೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಪೂಜೆಗೂ ಮುನಿಗಳ ಆಹಾರಕ್ಕೂ ಗ್ರಾಮವೊಂದನ್ನು ದತ್ತಿ ಬಿಟ್ಟು ಶಾಸನ ಹಾಕಿಸಿದಳು. ಮನಸ್ಸು ಬಂದ ದಿನ ಕೊಟ್ಟು, ಬಾರದ ದಿನ ಕೈ ಹಿಂತೆಗೆಯಬಹುದಾದುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ದತ್ತಿ ಬರೆದ ಗಳಿಗೆಯಿಂದ ಪಡೆಯುವವನು ಯಾಚಕನಲ್ಲ, ಹಕ್ಕುದಾರ. ಕೊಟ್ಟವಳು ಕಾಲವಾದ ಮೇಲೂ ಅದು ಸಲ್ಲಬೇಕು. 2012ರ ತಿದ್ದುಪಡಿಯನ್ನು ಇಂಥದೊಂದು ದತ್ತಿಶಾಸನವೆಂದೇ ಓದತಕ್ಕದ್ದು. ಶಿಕ್ಷಕಿ ಮನೆ ಬಾಗಿಲಿಗೆ ಬಂದಾಗ ಆ ತಂದೆತಾಯಿಗಳು ಕೈಮುಗಿದು ಸಂಕೋಚಪಡಬೇಕಾದ ಕಾರಣವಿಲ್ಲ. ಬಾರದೆ ಹೋದಾಗ ಕೇಳುವುದು ಒರಟುತನವೂ ಅಲ್ಲ.

ಆದರೆ ಇದೇ ವಿಧಿಯಲ್ಲಿ ಅಪಾಯವೂ ಅಡಗಿದೆ. ತಿದ್ದುಪಡಿಯಾದಾಗಲೇ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಹಲವರು, ಮನೆಪಾಠದ ನೆಪದಲ್ಲಿ ಶಾಲೆಗಳು ಕಷ್ಟದ ಮಕ್ಕಳನ್ನು ಹೊರಗಿಡಬಹುದೆಂದು ಆತಂಕಪಟ್ಟರು. ಅದು ನಿರಾಧಾರವಲ್ಲ. ಕಾನೂನು ಆಯ್ಕೆಯನ್ನು ಕೊಟ್ಟಿರುವುದು ಮಗುವಿಗೆ, ಮುಖ್ಯೋಪಾಧ್ಯಾಯರಿಗಲ್ಲ. ಗಾಲಿಕುರ್ಚಿ ಏರುವ ಇಳಿಜಾರು ಇದ್ದರೆ ಬರಬಲ್ಲ ಹುಡುಗನಿಗೆ, ಇಳಿಜಾರು ಕಟ್ಟಿಸುವ ತೊಂದರೆ ಬೇಡವೆಂದು ಮನೆಪಾಠವನ್ನು ಗೊತ್ತುಮಾಡಿದರೆ ಅದು ದಾನವೂ ಅಲ್ಲ, ಋಣ ತೀರಿಸಿದ್ದೂ ಅಲ್ಲ, ಅಂತರಾಯವೇ. ಮನೆಗೆ ಬರುವ ಶಿಕ್ಷಕರಿಂದ ಓದು ಬರಬಹುದು, ಜೊತೆಯವರು ಬರಲಾರರು. ಒಂಟಿಯಾಗಿ ಕಲಿಯುವ ಮಗುವಿಗೆ ವಾರಕ್ಕೊಮ್ಮೆಯಾದರೂ ಓರಗೆಯವರ ಗದ್ದಲ ಕೇಳಿಸಬೇಕು. ತಾಲ್ಲೂಕು ಕೇಂದ್ರಗಳಲ್ಲಿ ‘ಶಾಲಾ ಸಿದ್ಧತಾ ಕೇಂದ್ರ’ಗಳನ್ನು ನಡೆಸುವುದರ ಹಿಂದಿನ ಆಶಯವೂ ಇದೇ.

2020ರ ಸಾಂಕ್ರಾಮಿಕದಲ್ಲಿ ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಹಳ್ಳಿಗಳಿಗೆ ಹೋಗಿ ಜಗಲಿ, ದೇವಸ್ಥಾನ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಸೋಂಕಿನ ಭೀತಿಯಿಂದ ಅದು ನಿಂತಿತು. ಪಾಠವೇ ಮಗುವಿನ ಕಡೆಗೆ ನಡೆದು ಬರುವುದು ಅಸಾಧ್ಯವಲ್ಲವೆಂಬುದು ಆಗ ನಾಡಿಗೆಲ್ಲ ತಿಳಿಯಿತು. ಬರಿಗಾಲಿನಲ್ಲಿ ವಿಹಾರ ಮಾಡುತ್ತ ಊರೂರಿಗೆ ಬಂದು ಉಪದೇಶಿಸುವ ಮುನಿಗಳನ್ನು ಕಂಡಿರುವ ಸಮಾಜಕ್ಕಂತೂ ಇದು ಹೊಸತಲ್ಲ.

ಲೆಕ್ಕಾಚಾರವನ್ನೂ ನೋಡಬೇಕು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ 2018ರಲ್ಲಿ ಗೊತ್ತಾದ ಮೊತ್ತ ವರ್ಷಕ್ಕೆ 3,500 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಹಾಸನದ ಸುತ್ತ ಮುಂಗಾರಿನಲ್ಲಿ ಆಲೂಗಡ್ಡೆ ಬಿತ್ತನೆ ಬಂತೆಂದರೆ, ಪಾಠದ ದಿನ ಮಗುವಿನ ಬಳಿ ಉಳಿಯುವ ಕೂಲಿಯ ತಾಯಿ ಕಳೆದುಕೊಳ್ಳುವ ಮಜೂರಿಯೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸರ್ಕಾರದ ಲೆಕ್ಕಕ್ಕೆ ಬಾರದ ಈ ನಷ್ಟವನ್ನು ಬಸದಿಯ ಟ್ರಸ್ಟುಗಳು ತುಂಬಿಕೊಡಬಹುದು. ಜಾತಿ-ಮತಗಳನ್ನು ಕೇಳದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೇಂದ್ರಕ್ಕೆ ಮಗುವನ್ನು ಕರೆದೊಯ್ಯಲು ತಿಂಗಳಿಗೆ ನಾಲ್ಕು ಬಾರಿ ಆಟೋ ಬಾಡಿಗೆ, ಬಸದಿಯ ಸಭಾಭವನಕ್ಕೊಂದು ಇಳಿಜಾರು ದಾರಿ, ಇವು ಪಂಚಕಲ್ಯಾಣದ ಒಂದು ದಿನದ ಶಾಮಿಯಾನಕ್ಕೆ ತಗಲುವ ವೆಚ್ಚವನ್ನು ಮೀರಲಾರವು. ಮಹಾವೀರ ಜಯಂತಿಗೆ ಬಹುಮಾನಿತರ ಪಟ್ಟಿ ಸಿದ್ಧಪಡಿಸುವ ಕಾರ್ಯದರ್ಶಿಗಳು, ಊರಿನಲ್ಲಿ ಆ ಸಮಾರಂಭಕ್ಕೆ ಬರಲಾಗದ ಮಕ್ಕಳು ಎಷ್ಟಿದ್ದಾರೆ, ಅವರ ಮನೆಗೆ ಶಿಕ್ಷಕರು ಬರುತ್ತಿದ್ದಾರೆಯೇ ಎಂದು ಇನ್ನೊಂದು ಪಟ್ಟಿ ಮಾಡಲು ಒಂದು ಸಂಜೆ ಸಾಕು.