ಕಡಿಮೆ ಕೇಡು ಒಳಿತಾಗುವುದೇ?

ಕಳೆದ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಕಳೆದ ಮೂರನೆಯ ದಿನ, ನಮ್ಮ ಧರ್ಮಕೇಂದ್ರದ ಒಬ್ಬ ಗೃಹಿಣಿ ಗುರುನಿವಾಸಕ್ಕೆ ಬಂದು ನನ್ನ ಮುಂದೊಂದು ಪ್ರಶ್ನೆಯನ್ನಿಟ್ಟರು. ಅವರ ಪತಿ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವವರು, ಇಪ್ಪತ್ತೆರಡು ವರ್ಷ ಸಿಗರೇಟು ಸೇದಿದವರು. ಎರಡು ವರ್ಷಗಳ ಹಿಂದೆ ಅಲ್ಲಿನ ದಾದಿಯೊಬ್ಬರ ಸಲಹೆಯಂತೆ ಸಿಗರೇಟನ್ನು ತೊರೆದು, ದ್ರವ ತುಂಬಿಸಿಕೊಂಡು ಸೇದುವ ‘ವೇಪ್’ ಎಂಬ ಉಪಕರಣವನ್ನು ಹಿಡಿದಿದ್ದರು. ಈ ಸಲ ರಜೆಗೆ ಹೊರಡುವಾಗ, ನಮ್ಮ ದೇಶದಲ್ಲಿ ಅದು ನಿಷಿದ್ಧವೆಂದು ತಿಳಿದು, ಅಲ್ಲಿಯೇ ಬಿಟ್ಟು ಬಂದರು. ಕಾನೂನಿಗೆ ತಲೆಬಾಗಿದರು. ಊರಿಗೆ ಬಂದ ನಾಲ್ಕನೆಯ ದಿನ ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಸಿಗರೇಟು ಕೊಂಡರು.

“ಫಾದರ್, ಅಲ್ಲಿ ಅವರು ಅದನ್ನು ಸೇದುತ್ತಿದ್ದಾಗ ನಾನು ಫೋನಿನಲ್ಲಿಯೇ ಜಗಳವಾಡುತ್ತಿದ್ದೆ. ಈಗ ಅದಾದರೂ ಕೈಯಲ್ಲಿದ್ದಿದ್ದರೆ ಎನಿಸುತ್ತದೆ. ಹೀಗೆ ಬಯಸುವುದು ತಪ್ಪೇ?” ಎಂದು ಅವರು ಕೇಳಿದರು.

ಪ್ರಿಯ ಓದುಗರೇ, ಇಂತಹ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವ ಗುರುವನ್ನು ನೀವು ನಂಬಬೇಡಿ. ನಾನಂತೂ ಅಂದು ಕೊಡಲಿಲ್ಲ. ಸಹಾಯಕ ಗುರುವಾಗಿದ್ದ ಕಾಲದಲ್ಲಿ ನಾನೇ ಹನ್ನೊಂದು ವರ್ಷ ಸಿಗರೇಟು ಸೇದಿದವನು. ಮೂರು ತಪಸ್ಸುಕಾಲಗಳಲ್ಲಿ ಬಿಟ್ಟು ಮೂರು ಪಾಸ್ಕ ಹಬ್ಬಗಳಲ್ಲಿ ಮತ್ತೆ ಹಿಡಿದವನು. ಆದುದರಿಂದ ಈ ವಿಷಯದಲ್ಲಿ ಮೇಲೆ ನಿಂತು ಮಾತನಾಡುವ ಅಧಿಕಾರ ನನಗಿಲ್ಲ.

ಮೊದಲಿಗೆ ಆ ಉಪಕರಣವೇನೆಂದು ತಿಳಿಯೋಣ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದು ಡಬ್ಬಿ. ಒಳಗೆ ಬ್ಯಾಟರಿ, ಒಂದು ಲೋಹದ ಸುರುಳಿ, ಅದಕ್ಕೆ ತಾಗಿದ ಹತ್ತಿಯ ಬತ್ತಿ, ಮೇಲೆ ದ್ರವ ತುಂಬುವ ಸಣ್ಣ ತೊಟ್ಟಿ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ, ನಿಕೋಟಿನ್ ಇವು ಆ ದ್ರವದಲ್ಲಿರುತ್ತವೆ. ನಮ್ಮ ದೀಪದ ಬತ್ತಿಯಂತೆಯೇ ಈ ಬತ್ತಿಯೂ ದ್ರವವನ್ನು ಹೀರುತ್ತದೆ, ಆದರೆ ಉರಿಯುವುದಿಲ್ಲ. ಸುರುಳಿ ಕಾದು ದ್ರವವನ್ನು ಹಬೆಯಾಗಿಸುತ್ತದೆ. ಇಡೀ ವಾದ ನಿಂತಿರುವುದು ಈ ‘ಉರಿಯುವುದಿಲ್ಲ’ ಎಂಬ ಒಂದು ಮಾತಿನ ಮೇಲೆ. ಮನುಷ್ಯನನ್ನು ಸಿಗರೇಟಿಗೆ ಕಟ್ಟಿಹಾಕುವುದು ನಿಕೋಟಿನ್. ಅವನನ್ನು ಕೊಲ್ಲುವುದು ಬಹುಮಟ್ಟಿಗೆ ಎಲೆ ಉರಿದಾಗ ಹುಟ್ಟುವ ಟಾರು ಮತ್ತು ವಿಷಾನಿಲಗಳು. ಬ್ರಿಟನ್ನಿನ ಮನೋವೈದ್ಯ ಮೈಕೇಲ್ ರಸೆಲ್ 1976ರಲ್ಲಿಯೇ ಇದನ್ನು ಹೇಳಿದ್ದರು. ಉರಿಯನ್ನು ತೆಗೆದು ನಿಕೋಟಿನನ್ನು ಮಾತ್ರ ಉಳಿಸಿದರೆ ಹೇಗೆ ಎಂದು ಯೋಚಿಸಿ 2003ರಲ್ಲಿ ಈ ಉಪಕರಣಕ್ಕೆ ಇಂದಿನ ರೂಪ ಕೊಟ್ಟವರು ಚೀನಾದ ಔಷಧಶಾಸ್ತ್ರಜ್ಞ ಹೊನ್ ಲಿಕ್. ಅವರು ಸ್ವತಃ ಸಿಗರೇಟಿನ ದಾಸರಾಗಿದ್ದವರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಬ್ರಿಟನ್ನಿನ ಸರ್ಕಾರ ಇದನ್ನು ಧೂಮಪಾನ ಬಿಡಿಸುವ ಸಾಧನವಾಗಿ ಒಪ್ಪಿಕೊಂಡಿದೆ. ಹತ್ತು ಲಕ್ಷ ಧೂಮಪಾನಿಗಳಿಗೆ ಈ ಉಪಕರಣವನ್ನು ಒದಗಿಸುವ ಯೋಜನೆಯನ್ನು 2023ರಲ್ಲಿ ಅದು ಪ್ರಕಟಿಸಿತು. ಅದೇ ದೇಶ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಿತು. ಮಕ್ಕಳು ಮರುಳಾಗುತ್ತಿದ್ದುದು ಹೆಚ್ಚಾಗಿ ಅವುಗಳಿಗೆ. ಕಸದ ರಾಶಿಯೂ ಬೆಳೆಯುತ್ತಿತ್ತು. ಮತ್ತೆ ಮತ್ತೆ ತುಂಬಿಸುವ ಉಪಕರಣ ಉಳಿದುಕೊಂಡಿತು. ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಕೂಡದು, ತೊಟ್ಟಿ 2 ಮಿಲಿಲೀಟರನ್ನು ಮೀರಕೂಡದು, ಹದಿನೆಂಟು ತುಂಬದವರಿಗೆ ಮಾರಕೂಡದು ಎಂಬುದು ಅಲ್ಲಿನ ಕಟ್ಟಳೆ.

ಸಿಗರೇಟಿಗಿಂತ ಇದು ಕಡಿಮೆ ಕೇಡಿನದೆಂದರೆ ಕೇಡಿಲ್ಲದ್ದು ಎಂದಲ್ಲ. ನಿಕೋಟಿನ್ ಚಟ ಹಿಡಿಸುವ ವಸ್ತು. ಹೃದಯದ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುವಂಥದು. ಹಲವು ದಶಕ ಈ ಹಬೆಯನ್ನು ಎಳೆದುಕೊಂಡವರ ಶ್ವಾಸಕೋಶ ಏನಾಗುವುದೆಂದು ಹೇಳುವಷ್ಟು ವಯಸ್ಸು ಈ ಉಪಕರಣಕ್ಕೇ ಆಗಿಲ್ಲ.

ಈಗ ನೈತಿಕ ಪ್ರಶ್ನೆಗೆ ಬರೋಣ. ಗುರುಮಠದಲ್ಲಿ ನಮಗೆ ನೈತಿಕ ದೈವಶಾಸ್ತ್ರ ಕಲಿಸಿದ ವೃದ್ಧ ಗುರುಗಳು ನಶ್ಯದ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡೇ ಮಿತಾಚಾರದ ಪಾಠ ಹೇಳುತ್ತಿದ್ದರು. (1642ರಲ್ಲಿ ಜಗದ್ಗುರು ಎಂಟನೆಯ ಅರ್ಬನ್, ಸೆವಿಲ್ಲೆ ಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ತಂಬಾಕು ಬಳಸುವವರಿಗೆ ಬಹಿಷ್ಕಾರದ ಶಿಕ್ಷೆ ವಿಧಿಸಿದ್ದನ್ನು ಹೇಳಿ, ಒಂದು ಚಿಟಿಕೆ ಏರಿಸಿ ನಗುತ್ತಿದ್ದರು.) ಅವರು ಒತ್ತಿ ಹೇಳಿದ ಒಂದು ಭೇದ ನನಗಿನ್ನೂ ನೆನಪಿದೆ. ಒಳಿತು ಬರಲೆಂದು ಕೆಡುಕನ್ನು ನಾನೇ ಮಾಡುವುದು ಬೇರೆ. ದೊಡ್ಡ ಕೆಡುಕನ್ನು ಮಾಡಿಯೇ ತೀರುವೆನೆಂದು ಹೊರಟವನನ್ನು ಸಣ್ಣದರಲ್ಲಿ ನಿಲ್ಲಿಸುವುದು ಬೇರೆ. ಮೊದಲನೆಯದನ್ನು ಪ್ರೇಷಿತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿಯೇ ತಳ್ಳಿಹಾಕಿದ್ದಾರೆ. ಎರಡನೆಯದಕ್ಕೆ ಹದಿನೆಂಟನೆಯ ಶತಮಾನದ ಸಂತ ಅಲ್ಫೋನ್ಸ್ ಲಿಗೋರಿಯಂತಹ ಆಚಾರ್ಯರ ಸಮ್ಮತಿಯಿದೆ. ಕೊಲ್ಲಲು ಹೊರಟವನನ್ನು ಕಳವಿನಲ್ಲಿಯೇ ನಿಲ್ಲಿಸಿದವನು ಕಳವನ್ನು ಹೊಗಳಿದಂತಾಗುವುದಿಲ್ಲ. ಒಂದು ಜೀವ ಉಳಿಯಿತು, ಅಷ್ಟೇ.

ಆದರೆ ಈ ಸಮ್ಮತಿಗೆ ಒಂದು ಕಟ್ಟುಪಾಡಿದೆ. ಸಲಹೆ ಸಲ್ಲುವುದು ಆಗಲೇ ದೊಡ್ಡ ಕೇಡಿನಲ್ಲಿ ಇರುವವನಿಗೆ ಮಾತ್ರ. ‘ಕಡಿಮೆ’ ಎಂಬ ಮಾತಿಗೆ ಯಾವುದಕ್ಕಿಂತ ಎಂಬ ಹೋಲಿಕೆ ಬೇಕು. ಇಪ್ಪತ್ತೆರಡು ವರ್ಷ ಹೊಗೆ ಕುಡಿದವನಿಗೆ ಆ ಹೋಲಿಕೆ ಅವನ ಎದೆಯಲ್ಲಿಯೇ ಇದೆ. ಸಿಗರೇಟನ್ನು ಮುಟ್ಟಿಯೇ ಇರದ ಹದಿನೈದರ ಹುಡುಗನಿಗೆ, ಮಾವಿನ ಹಣ್ಣಿನ ಸುವಾಸನೆಯ ವೇಪ್ ಯಾವುದಕ್ಕಿಂತ ಕಡಿಮೆ? ಅವನ ಪಾಲಿಗೆ ಅದು ಸಂಪೂರ್ಣ ಕೇಡು, ಬಾಗಿಲಲ್ಲೇ ತಡೆಯಬೇಕಾದ ಕೇಡು. ಉಪಕರಣ ಒಂದೇ, ಕೈ ಬೇರೆ. ‘ವೇಪ್ ಒಳ್ಳೆಯದೋ ಕೆಟ್ಟದೋ’ ಎಂದು ಮಕ್ಕಳು ಕೇಳಿದಾಗ ಒಂದೇ ಪದದಲ್ಲಿ ಉತ್ತರಿಸಲು ಹೋಗಿ ನಾವು ತಬ್ಬಿಬ್ಬಾಗುವುದು ಇದರಿಂದಲೇ.

ಮರುದಿನ ಆ ಪತಿ ತಾವಾಗಿಯೇ ಬಂದರು. ಅಪರಾಧಿಯ ಮುಖವಲ್ಲ, ದಣಿದ ಮುಖ. ತಮ್ಮ ಉಪಕರಣದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಹೊಸ ಮೋಟರ್ ಸೈಕಲ್ ಕೊಂಡವನ ಉತ್ಸಾಹದಿಂದ ಅದರ ಗುಣಗಳನ್ನು ವಿವರಿಸತೊಡಗಿದರು. ಗಾಳಿ ಬರುವ ರಂಧ್ರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಕಾವನ್ನು ಏರಿಸಬಹುದು, ಇಳಿಸಬಹುದು. ಗುಂಡಿ ಒತ್ತಬೇಕಿಲ್ಲ, ಉಸಿರೆಳೆದರೆ ಸಾಕು. ದಿನಕ್ಕೆಷ್ಟು ಸಲ ಎಳೆದೆವೆಂದು ಪುಟ್ಟ ಪರದೆ ಲೆಕ್ಕ ತೋರಿಸುತ್ತದೆ. ಇಷ್ಟ ಬಂದ ಸುವಾಸನೆ, ಇಷ್ಟ ಬಂದ ಪ್ರಮಾಣದ ನಿಕೋಟಿನ್ ತುಂಬಿಸಿಕೊಳ್ಳಬಹುದು.

ಒಂದು ವಸ್ತುವಿನ ಗುಣಗಳನ್ನು ಎಣಿಸುವುದು ಸುಲಭ. ಆ ಗುಣ ಬಳಸುವವನನ್ನು ಯಾವ ಕಡೆಗೆ ನಡೆಸುತ್ತದೆ ಎಂದು ಕೇಳುವುದನ್ನು ನಾವು ಮರೆಯುತ್ತೇವೆ. ಧೂಮಪಾನ ಬಿಡಿಸಲೆಂದು ಬಂದ ಸಾಧನ, ತನ್ನ ಅಗತ್ಯವನ್ನೂ ದಿನೇ ದಿನೇ ಕಡಿಮೆ ಮಾಡಿಕೊಳ್ಳಬೇಕಲ್ಲವೇ? ಊರುಗೋಲಿಗೆ ಎಷ್ಟು ಅಲಂಕಾರ ಬೇಕು?

ಈ ಅಳತೆಯಿಂದ ನೋಡಿದಾಗ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಮರಳಿ ತುಂಬಿಸುವ ಆ ತೊಟ್ಟಿಯೇ. 18ರ ಸೀಸೆಯಿಂದ 12ಕ್ಕೆ, 12ರಿಂದ 6ಕ್ಕೆ, 3ಕ್ಕೆ, ಕೊನೆಗೆ ನಿಕೋಟಿನ್ ಇಲ್ಲದ ದ್ರವಕ್ಕೆ ಇಳಿಯುವ ಮೆಟ್ಟಿಲುಗಳು ಅಲ್ಲಿವೆ. ಸಿಗರೇಟಿನಲ್ಲಾಗಲಿ ಬೀಡಿಯಲ್ಲಾಗಲಿ ಅಂತಹ ಮೆಟ್ಟಿಲುಗಳಿಲ್ಲ. ಎಳೆತದ ಲೆಕ್ಕ ತೋರಿಸುವ ಪರದೆಯೂ ಒಳ್ಳೆಯದೇ. ಅದು ಒಂದು ಬಗೆಯ ಆತ್ಮಶೋಧನೆ. ನಿಕೋಟಿನ್ ಇಳಿಸಿದವರು ತಮಗರಿವಿಲ್ಲದೆ ಹೆಚ್ಚು ಸಲ, ಹೆಚ್ಚು ಹೊತ್ತು ಎಳೆಯುತ್ತಾರೆ; ಆ ಲೆಕ್ಕ ಅದನ್ನು ಬಯಲಿಗೆ ತರುತ್ತದೆ. ಆದರೆ ಕೆಲವು ತಯಾರಕರು ಅದೇ ಪರದೆಯಲ್ಲಿ ಆಟಗಳನ್ನೂ ಮಿನುಗುವ ಚಿತ್ರಗಳನ್ನೂ ತುಂಬಿದ್ದಾರೆ. ಅವು ಯಾರನ್ನು ಕರೆಯುತ್ತವೆಂದು ನಾನು ಹೇಳಬೇಕೇ?

ಇನ್ನೊಂದು ಸಂಗತಿಯನ್ನು ನಾನು ಬಹಳ ಹೊತ್ತು ಯೋಚಿಸಿದೆ. ಸಿಗರೇಟಿಗೆ ಒಂದು ಕೊನೆಯಿದೆ. ಉರಿದು ಬೆರಳಿಗೆ ಸಮೀಪಿಸುತ್ತದೆ, ಬೂದಿ ಉದುರುತ್ತದೆ, ತುಂಡನ್ನು ಕಾಲಲ್ಲಿ ಹೊಸಕಿ ಒಳಗೆ ಬರಬೇಕಾಗುತ್ತದೆ. ‘ಇದು ಮುಗಿಯಿತು’ ಎಂದು ಅದೇ ಹೇಳುತ್ತದೆ. ಅಂಗಿಯ ವಾಸನೆ ಮನೆಯವರಿಗೂ ಸುದ್ದಿ ಮುಟ್ಟಿಸುತ್ತದೆ. ಸೇದುವವನಿಗೆ ನಾಚಿಕೆಯಾಗುವುದೂ ಆ ವಾಸನೆಯಿಂದಲೇ. ನಾನು ಸಿಗರೇಟು ಬಿಟ್ಟದ್ದು ಯಾವುದೋ ಧ್ಯಾನಕೂಟದ ಪ್ರಭಾವದಿಂದಲ್ಲ. ಪಾಪನಿವೇದನೆಗೆ ಬಂದ ಅಜ್ಜಿಯೊಬ್ಬರು ಜಾಲರಿಯ ಆಚೆಯಿಂದ ಕೆಮ್ಮಿ, “ಸ್ವಾಮಿ, ಹೊಗೆ ವಾಸನೆ” ಎಂದುದರಿಂದ. ಈ ಉಪಕರಣದಲ್ಲಿ ಬೂದಿಯಿಲ್ಲ, ತುಂಡಿಲ್ಲ, ಅಂಗಿಗೆ ಅಂಟುವ ಹೊಗೆಯಿಲ್ಲ, ಮುಗಿಯುವ ಕ್ಷಣವೇ ಇಲ್ಲ. ಹಾಸಿಗೆಯಲ್ಲೂ ಎಳೆಯಬಹುದು, ಸ್ನಾನದ ಕೋಣೆಯಲ್ಲೂ ಎಳೆಯಬಹುದು. ದೇಹಕ್ಕೆ ಕಡಿಮೆ ಕೇಡಾದದ್ದು ಸ್ವಾತಂತ್ರ್ಯಕ್ಕೂ ಕಡಿಮೆ ಕೇಡೆಂದು ಹೇಗೆ ಹೇಳೋಣ?

ಇದು ಬರಿಯ ನನ್ನ ಊಹೆಯಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಮುಖ ಅಧ್ಯಯನದಲ್ಲಿ, ಸಿಗರೇಟು ಬಿಡಬಯಸಿದ 886 ಮಂದಿಯಲ್ಲಿ ಒಂದು ಗುಂಪಿಗೆ ಮರಳಿ ತುಂಬಿಸುವ ಇ-ಸಿಗರೇಟನ್ನೂ ಇನ್ನೊಂದು ಗುಂಪಿಗೆ ನಿಕೋಟಿನ್ ಪಟ್ಟಿ, ಗಮ್ ಮೊದಲಾದವನ್ನೂ ಕೊಟ್ಟರು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡ 18 ಮಂದಿ, ಎರಡನೆಯದರಲ್ಲಿ ಶೇಕಡ 9.9 ಮಂದಿ ಸಿಗರೇಟಿನಿಂದ ದೂರವಿದ್ದರು. ಹೆಚ್ಚುಕಡಿಮೆ ಇಮ್ಮಡಿ! ಇಷ್ಟನ್ನು ಮಾರುವವರು ಸಾರಿ ಹೇಳುತ್ತಾರೆ. ಆದರೆ ಹಾಗೆ ಬಿಟ್ಟವರಲ್ಲಿ, ಮೊದಲ ಗುಂಪಿನ ಶೇಕಡ 80 ಮಂದಿ ವರ್ಷದ ಬಳಿಕವೂ ಆ ಉಪಕರಣವನ್ನು ಸೇದುತ್ತಲೇ ಇದ್ದರು. ಎರಡನೆಯ ಗುಂಪಿನಲ್ಲಿ ಪಟ್ಟಿ, ಗಮ್‌ಗಳನ್ನು ಹಿಡಿದೇ ಇದ್ದವರು ಶೇಕಡ 9 ಮಾತ್ರ. ಒಂದು ದಾರಿಯಲ್ಲಿ ಹೆಚ್ಚು ಜನ ಬೆಂಕಿಯಿಂದ ಹೊರಬಂದರು, ಆದರೆ ಬಾಗಿಲಲ್ಲೇ ನಿಂತರು. ಇನ್ನೊಂದರಲ್ಲಿ ಕಡಿಮೆ ಜನ ಹೊರಬಂದರು, ಬಂದವರು ಮನೆ ಸೇರಿದರು.

“ನಿಮ್ಮ ಸೀಸೆಯ ಮೇಲಿನ ಸಂಖ್ಯೆ ಎಷ್ಟು?” ಎಂದು ಅವರನ್ನು ಕೇಳಿದೆ.

“ಹದಿನೆಂಟು, ಫಾದರ್.”

“ಎರಡು ವರ್ಷಗಳ ಹಿಂದೆ?”

ಅವರು ಮೊಬೈಲನ್ನು ಜೇಬಿಗೆ ಹಾಕಿದರು. “ಹದಿನೆಂಟೇ.”

ಅವರ ಪತ್ನಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಈ ನೆಲದಲ್ಲಿ ಸಿಗರೇಟು ಸಿಗುತ್ತದೆ, ಅದಕ್ಕಿಂತ ಕಡಿಮೆ ಕೇಡಿನದು ಸಿಗುವುದಿಲ್ಲ. ಇದು ನ್ಯಾಯವೇ? ಕರ್ನಾಟಕ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾನೂನು ಅದರ ತಯಾರಿಕೆ, ಆಮದು, ಮಾರಾಟ, ಸಾಗಾಟ, ಜಾಹೀರಾತು ಎಲ್ಲವನ್ನೂ ದೇಶದಾದ್ಯಂತ ತಡೆಯಿತು. ಮೊದಲ ತಪ್ಪಿಗೇ ಒಂದು ವರ್ಷದವರೆಗಿನ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಇತ್ತ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ. ಕರಾವಳಿಯಲ್ಲಿ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದಾರೆ. ಆ ಹಣದಿಂದ ಓದಿದವರಲ್ಲಿ ಗುರುಗಳೂ ಕನ್ಯಾಸ್ತ್ರೀಯರೂ ಇದ್ದಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕನ್ನು ಅಗಿಯುವವರೇ ಅದರಲ್ಲಿ ಹೆಚ್ಚು. ಇದನ್ನು ಕಪಟವೆಂದು ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗದು. ಎಲ್ಲ ದುರ್ಗುಣಗಳನ್ನೂ ಕಾನೂನು ತಡೆಯಲಾರದು ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಬೇರೂರಿದ ಮರವನ್ನು ಕೀಳುವುದಕ್ಕಿಂತ ಸಸಿಯನ್ನು ಕೀಳುವುದು ಸುಲಭ. ನಮ್ಮ ಕಾನೂನು ಮಾಡಿದ್ದು ಅದನ್ನೇ. ಮಕ್ಕಳ ದೃಷ್ಟಿಯಿಂದ ಅದು ಸರಿಯೆಂದೇ ನನ್ನ ತೀರ್ಪು. ಆದರೆ ಒಬ್ಬನಿಗೆ ಸಣ್ಣ ಕೇಡಿನ ಬಾಗಿಲನ್ನು ಮುಚ್ಚಿದ ಸಮಾಜ, ಕೇಡಿನಿಂದ ಹೊರಬರುವ ಬಾಗಿಲನ್ನು ಅವನಿಗೆ ತೋರಿಸಬೇಕಾಗುತ್ತದೆ. ಆ ಋಣ ಸರ್ಕಾರದ್ದು ಮಾತ್ರವಲ್ಲ, ಮನೆಯವರದೂ ಹೌದು, ಧರ್ಮಕೇಂದ್ರದ್ದೂ ಹೌದು. 2018ರಲ್ಲಿ ವ್ಯಾಟಿಕನ್ ತನ್ನ ಅಂಗಡಿಗಳಲ್ಲಿ ಸಿಗರೇಟು ಮಾರುವುದನ್ನು ನಿಲ್ಲಿಸಿತು. ಆ ಮಾರಾಟದಿಂದ ಅದಕ್ಕೆ ಒಳ್ಳೆಯ ಆದಾಯವಿತ್ತು. ನಮ್ಮ ಹಬ್ಬದ ದಿನ ದೇವಾಲಯದ ಗೇಟಿನ ಬಳಿ ಏಳುವ ಗೂಡಂಗಡಿಗಳನ್ನು ನೆನೆದಾಗ ನನಗೆ ಸಂಕೋಚವಾಗುತ್ತದೆ.

ಆ ಗೃಹಿಣಿಗೆ ನಾನು ಹೇಳಿದ್ದಿಷ್ಟು: ನಿಮ್ಮ ಬಯಕೆ ತಪ್ಪಲ್ಲ, ಅದು ಪತಿಯ ಆಯುಷ್ಯದ ಬಯಕೆ. ಆದರೆ ಅದನ್ನು ಯಾರಿಂದಲೂ ಕದ್ದು ತರಿಸಬೇಡಿ. ಉಳಿದಿರುವುದು ಹನ್ನೊಂದು ದಿನ. ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, ವೈದ್ಯರನ್ನು ಕೇಳಿ ಕೊಡಿಸಿ. ತಂಬಾಕು ಬಿಡುವವರಿಗೆ ನೆರವಾಗಲು 1800-11-2356 ಎಂಬ ಶುಲ್ಕರಹಿತ ರಾಷ್ಟ್ರೀಯ ದೂರವಾಣಿ ಸಂಖ್ಯೆಯಿದೆ, ಒಮ್ಮೆ ಮಾತನಾಡಿಸಿ. ಜಗಳವನ್ನು ಮಾತ್ರ ಆ ಹನ್ನೊಂದು ದಿನ ಮುಂದಕ್ಕೆ ಹಾಕಿ.

ಅವರ ಲೆಕ್ಕದಂತೆ ಹನ್ನೊಂದರಲ್ಲಿ ಒಂಬತ್ತು ದಿನ ಸಿಗರೇಟಿಲ್ಲದೆ ಕಳೆಯಿತು. ಎರಡು ದಿನ ಸೋತರು. ಜನವರಿಯಲ್ಲಿ ಪತಿ ಇಂಗ್ಲೆಂಡಿಗೆ ಮರಳಿದರು, ಮರಳಿ ಆ ಉಪಕರಣವನ್ನೇ ಹಿಡಿದರು; ಆದರೆ ಈ ಸಲ 12ರ ಸೀಸೆಯೊಡನೆ. ಮೊನ್ನೆ ಭಾನುವಾರದ ಬಲಿಪೂಜೆಯ ಬಳಿಕ ಆ ಗೃಹಿಣಿ ನನ್ನನ್ನು ಪಕ್ಕಕ್ಕೆ ಕರೆದು, ಈಗ ಸಂಖ್ಯೆ ಆರಕ್ಕೆ ಇಳಿದಿದೆಯೆಂದು ಅವರು ಹೇಳುತ್ತಿರುವುದಾಗಿ ತಿಳಿಸಿದರು.

“ನಂಬಬಹುದೇ, ಫಾದರ್?”

“ಸೀಸೆಯನ್ನು ವೀಡಿಯೋದಲ್ಲಿ ತೋರಿಸಲು ಹೇಳಿ” ಎಂದೆ.

“ಹೇಳಿದೆ. ತೋರಿಸಿದರು. ನನ್ನ ಕನ್ನಡಕ ಸಿಗಲಿಲ್ಲ” ಎಂದು ನಕ್ಕು, ಮಗಳ ಕೈಹಿಡಿದು ಬಸ್ಸಿಗೆ ಹೊರಟರು.